ಸ್ಯಾಂಡ್‌ವಿಚ್‌ನಲ್ಲಿ ನಮ್ಮದು ಏನಿದೆ?

1/7
ಮನೆಯಲ್ಲಿ ಸ್ಯಾಂಡ್‌ವಿಚ್ ಮಾಡೋಕೆ ಹೊರಟರೆ ಹಿರಿಯರ ಒಂದು ಮಾತು ಗ್ಯಾರಂಟಿ: "ನಮ್ಮ ಕಡೆ ತಿಂಡಿ ಬಿಟ್ಟು ಇದೇನಿದು ಪರದೇಶದ್ದು?" ಶಿಕಾರಿಪುರ, ಸೊರಬದ ಕಡೆ ಬೆಳಿಗ್ಗೆ ಅಂದರೆ ಅಕ್ಕಿರೊಟ್ಟಿ, ಕಡುಬು ಅನ್ನೋ ಮನೆಗಳಲ್ಲಂತೂ ಈ ಪ್ರಶ್ನೆ ತಪ್ಪಿದ್ದಲ್ಲ. ಸರಿ, ಇವತ್ತು ಪೂರ್ತಿ ಪರದೇಶದ್ದನ್ನೇ ಮಾಡೋಣ: ಸುಟ್ಟ ಟರ್ಕಿ ಕೋಳಿ, ಕೋಲ್‌ಸ್ಲಾ, ಎರಡು ತುಂಡು ಬ್ರೆಡ್. ಮಾಡ್ತಾ ಮಾಡ್ತಾ ಒಂದೊಂದು ಸಾಮಾನು ಎಲ್ಲಿಂದ ಬಂತು ಅಂತ ನೋಡೋಣ. ಹಿರಿಯರಿಗೆ ಏನು ಉತ್ತರ ಕೊಡಬೇಕು ಅನ್ನೋದು ಕೊನೆಗೆ ನಿಮಗೇ ಗೊತ್ತಾಗುತ್ತೆ.

2/7 ಕೋಳಿ
ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಅದರ ತವರು ಅಮೆರಿಕ ಖಂಡ. ಮೆಕ್ಸಿಕೋದ ಜನ ಸಾಕಿದ ಹಕ್ಕಿ. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ತಂದರು. ಎಲ್ಲಿಯದು ಅಂತ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಇಂಗ್ಲಿಷರು ಟರ್ಕಿ ಅಂದರು. ಟರ್ಕಿಯವರು "ಹಿಂದಿ" ಅಂದರು, ಅಂದರೆ ಹಿಂದೂಸ್ಥಾನದ್ದು! ಡಚ್ಚರ ಭಾಷೆಯಲ್ಲಿ ಅದು "ಕಾಲ್ಕೂನ್". ಆ ಹೆಸರು ಹುಟ್ಟಿದ್ದು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಿಂದ. ಹಕ್ಕಿ ನಮ್ಮದಲ್ಲ, ಆದರೆ ಹೆಸರು ನಮ್ಮ ಕಡೆಯದು.

ನಿಜವಾಗಿ ಇಲ್ಲಿಗೆ ಬಂದಿದ್ದು ಗೋವಾದ ಮೂಲಕ. 1612ರಲ್ಲಿ ಮುಕರ್ರಬ್ ಖಾನ್ ಗೋವಾದಿಂದ ಒಂದು ಟರ್ಕಿ ಕೋಳಿ ಕೊಂಡು ಜಹಾಂಗೀರನ ಆಸ್ಥಾನಕ್ಕೆ ಒಯ್ದ. ಅದರ ತಲೆಯ ಬಣ್ಣ ಬದಲಾಗುವುದನ್ನು ಕಂಡು ಬೆರಗಾದ ಬಾದಶಹ ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದಿಟ್ಟ. ಕಲಾವಿದ ಮನ್ಸೂರ್ ಬಿಡಿಸಿದ ಆ ಹಕ್ಕಿಯ ಚಿತ್ರ ಈಗ ಲಂಡನ್ನಿನ ಮ್ಯೂಸಿಯಂನಲ್ಲಿದೆ.

ನಮ್ಮ ಅಂಗಡಿಗಳಲ್ಲಿ ಟರ್ಕಿ ಸಿಗೋದು ಕಷ್ಟ. ಮೂಳೆ ಇಲ್ಲದ ಕೋಳಿಯ ಎದೆ ಮಾಂಸ ಕಾಲು ಕೆ.ಜಿ. ತಗೊಳ್ಳಿ. ಉಪ್ಪು, ನಿಂಬೆರಸ, ಆಗತಾನೆ ಕುಟ್ಟಿದ ಕಾಳುಮೆಣಸು ಹಚ್ಚಿ ಅರ್ಧ ಗಂಟೆ ಬಿಡಿ. ಮಾಂಸ ತಿನ್ನದವರು ಎಳೆ ಹಲಸಿನಕಾಯಿ ಬೇಯಿಸಿ ಇದೇ ಮಸಾಲೆ ಹಚ್ಚಿ.

3/7 ಬೆಂಕಿ
"ಗ್ರಿಲ್" ಅನ್ನೋ ಪದ ಹೊಸದು, ಕೆಲಸ ಹಳೆಯದು. ಶಿಕಾರಿಪುರದ ಪಕ್ಕದ ಬಳ್ಳಿಗಾವಿ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಕಾಲದಲ್ಲಿ ಅದನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಆ ವಂಶದ 3ನೇ ಸೋಮೇಶ್ವರನ "ಮಾನಸೋಲ್ಲಾಸ" 12ನೇ ಶತಮಾನದ ಗ್ರಂಥ. ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಕ್ರಮ ಅದರಲ್ಲೇ ಇದೆ.

ನೀವು ಕೆಂಡ ಮಾಡಬೇಕಿಲ್ಲ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ. ಸ್ವಲ್ಪ ಎಣ್ಣೆ ಹಾಕಿ ಮಾಂಸವನ್ನು ಮಧ್ಯಮ ಉರಿಯಲ್ಲಿ ಎರಡೂ ಕಡೆ ಐದಾರು ನಿಮಿಷ ಸುಡಿ. ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಇಳಿಸಿ ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ತೆಳ್ಳಗೆ ಹೆಚ್ಚಿ.

4/7 ಕೋಸು
ಕೋಲ್‌ಸ್ಲಾ ಅನ್ನೋದೂ ಡಚ್ ಮಾತೇ: "ಕೂಲ್" ಅಂದರೆ ಕೋಸು, "ಸ್ಲಾ" ಅಂದರೆ ಹಸಿ ಪಚಡಿ. ಎಲೆಕೋಸು ಯುರೋಪಿನ ಚಳಿ ನೆಲದ ತರಕಾರಿ. ನಮ್ಮ ಸಂತೆಗೆ ಬಂದಿದ್ದು ಯುರೋಪಿನವರ ಜೊತೆ.

ಕಾಲು ಭಾಗ ಎಲೆಕೋಸು, ಒಂದು ಕ್ಯಾರೆಟ್ ಎಳೆ ಎಳೆಯಾಗಿ ಹೆಚ್ಚಿ. ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ನೀರು ಹಿಂಡಿ ತೆಗೀರಿ. ಇದು ಮರೆತರೆ ಬ್ರೆಡ್ ಮುದ್ದೆಯಾಗುತ್ತೆ. ಎರಡು ಚಮಚ ಮೇಯೊನೀಸ್, ಎರಡು ಚಮಚ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಅರ್ಧ ಚಮಚ ಕಾಳುಮೆಣಸಿನ ಪುಡಿ ಹಾಕಿ ಕಲಸಿ.

5/7 ಬ್ರೆಡ್ಡು
ಎರಡು ಬ್ರೆಡ್ ನಡುವೆ ಮಾಂಸ ಇಡೋ ತಿಂಡಿಗೆ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಪ್ರಭುವಿನ ಹೆಸರು ಬಂತು. ಆ ಪದ ಬರಹದಲ್ಲಿ ಕಾಣಿಸಿದ್ದು 1762ರ ನವೆಂಬರಿನಲ್ಲಿ, ಇತಿಹಾಸಕಾರ ಗಿಬ್ಬನ್‌ನ ದಿನಚರಿಯಲ್ಲಿ. ಮರುವರ್ಷ, 1763ರಲ್ಲಿ, ನಮ್ಮ ಕಡೆ ಏನಾಯ್ತು ಗೊತ್ತಾ? ಹೈದರ್ ಅಲಿ ಬಿದನೂರು ಕೋಟೆ ಹಿಡಿದ. ರಾಣಿ ವೀರಮ್ಮಾಜಿ ಸೆರೆಯಾದಳು. ಸೊರಬದ ಚಂದ್ರಗುತ್ತಿಯನ್ನೂ ಒಳಗೊಂಡಿದ್ದ ಕೆಳದಿ ಸಂಸ್ಥಾನ ಮುಗಿಯಿತು.

ಬ್ರೆಡ್ಡಿಗೆ ಬೆಣ್ಣೆ ಸವರಿ ಅದೇ ಕಾವಲಿ ಮೇಲೆ ಗರಿ ಗರಿ ಮಾಡಿ. ಮೊದಲು ಮಾಂಸ, ಮೇಲೆ ಕೋಲ್‌ಸ್ಲಾ, ಮತ್ತೊಂದು ಬ್ರೆಡ್. ಬಿಸಿ ಇರುವಾಗಲೇ ತಿನ್ನಿ.

6/7 ಮೆಣಸು
ಈಗ ಲೆಕ್ಕ ಹಾಕಿ. ಹಕ್ಕಿ ಮೆಕ್ಸಿಕೋದ್ದು, ಕೋಸು ಯುರೋಪಿನದು, ಹೆಸರು ಇಂಗ್ಲೆಂಡಿನದು. ಉಳಿದಿದ್ದು ಆ ಅರ್ಧ ಚಮಚ ಕಾಳುಮೆಣಸು. ಅದು ಮಾತ್ರ ಇಲ್ಲಿಯದು. ಸೊರಬ, ಸಾಗರದ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ನೋಡಿದ್ದೀರಲ್ಲ, ಅದೇ.

ಉಳಿದದ್ದೆಲ್ಲ ನಮ್ಮ ಬಾಗಿಲಿಗೆ ಬರಲು ದಾರಿ ಮಾಡಿದ್ದೂ ಅದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರು ಈ ಕರಾವಳಿ ಬಿಡದೆ ಕೂತಿದ್ದು ಮುಖ್ಯವಾಗಿ ಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೆದರು. 1623ರಲ್ಲಿ ಗೋವಾದಿಂದ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಬಳಿಗೆ, ಪೋರ್ಚುಗೀಸ್ ರಾಯಭಾರಿ ಬಂದಾಗಲೂ ಮೆಣಸಿನ ವ್ಯವಹಾರ ಮಾತುಕತೆಯಲ್ಲಿತ್ತು. ಜೊತೆಗಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಆ ಪ್ರಯಾಣವನ್ನು ಬರೆದಿಟ್ಟಿದ್ದಾನೆ. ಅದೇ ಹಡಗಿನ ದಾರಿಯಲ್ಲಿ ಅಮೆರಿಕದ ಕೆಂಪು ಕಾಯಿಯೂ ಬಂತು. ಖಾರ ಕಂಡು ನಮ್ಮವರು ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದರು. ಇವತ್ತು ಅದಿಲ್ಲದೆ "ನಮ್ಮ ಅಡುಗೆ" ಇದೆಯಾ ಹೇಳಿ?

7/7 ಉತ್ತರ
ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಹೋದಾಗ ಕೋಡಿಮಠವನ್ನು ನೆನೆಯಿರಿ. 1162ರ ಶಾಸನ ಆ ಮಠವನ್ನು ಬಣ್ಣಿಸುತ್ತೆ. ಬಡವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತದ ಸಂನ್ಯಾಸಿಗಳು, ನಾನಾ ದೇಶದಿಂದ ಬಂದ ಭಿಕ್ಷುಕರು, ಇವರಿಗೆಲ್ಲ ಅಲ್ಲಿ ಅನ್ನ ಇತ್ತು. ರೋಗಿಗಳಿಗೆ ಔಷಧವೂ ಇತ್ತು. ಎಲ್ಲಿಂದಲೋ ಬಂದವರಿಗೆ ಊಟ ಬಡಿಸುವುದನ್ನೇ ಹೆಮ್ಮೆ ಅಂತ ಕಲ್ಲಿನಲ್ಲಿ ಕೆತ್ತಿಸಿದ ನೆಲ ಇದು.

ಹಾಗಾಗಿ ಮುಂದಿನ ಸಲ "ಇದು ನಮ್ಮದಾ?" ಅಂತ ಅಜ್ಜಿ ಕೇಳಿದರೆ ವಾದ ಮಾಡಬೇಡಿ. ಅರ್ಧ ಸ್ಯಾಂಡ್‌ವಿಚ್ ಅವರ ತಟ್ಟೆಗಿಟ್ಟು ಹೇಳಿ: "ಕೋಳಿ, ಕೋಸು ನೆಂಟರು ಅಜ್ಜಿ. ಅವರನ್ನು ಕರೆದದ್ದು ಮಾತ್ರ ನಮ್ಮ ತೋಟದ ಮೆಣಸು."

ನಿಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಇದೆಯಾ? ಮನೆಯಲ್ಲಿ ಅದಕ್ಕೆ ಏನಂತೀರಿ: ಕಾಳುಮೆಣಸೋ, ಒಳ್ಳೆಮೆಣಸೋ, ಕರಿಮೆಣಸೋ? ಕಾಮೆಂಟಲ್ಲಿ ಬರೀರಿ.

#ಶಿಕಾರಿಪುರ #ಸೊರಬ #ಬಳ್ಳಿಗಾವಿ #ಕಾಳುಮೆಣಸು #ಊಟದಚರಿತ್ರೆ