ಮೂರೂ ಷರತ್ತು ಪಾಸಾದರೆ ಊರು ಪಟ್ಟಣ!

ಎಕ್ಸೆಲ್ 2007ರಲ್ಲಿ ಕೌಂಟಿಫ್ಸ್ ಅನ್ನೋ ಸೂತ್ರ ಬಂತು. ಅದಕ್ಕೂ ಮುಂಚೆ ಇದ್ದ ಕೌಂಟಿಫ್ ಒಂದೇ ಷರತ್ತು ನೋಡುತ್ತಿತ್ತು. ಎರಡು-ಮೂರು ಷರತ್ತು ಒಟ್ಟಿಗೆ ಪೂರೈಸುವ ಸಾಲುಗಳನ್ನು ಎಣಿಸಬೇಕಂದ್ರೆ ಸಮ್‌ಪ್ರಾಡಕ್ಟ್ ಹಾಕಿ ಸರ್ಕಸ್ ಮಾಡಬೇಕಿತ್ತು. ಆದರೆ ಈ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. ನಮ್ಮ ಜನಗಣತಿಯವರು ಇದನ್ನು ಕಾಗದದಲ್ಲೇ ಮಾಡಿದ್ದರು.

1901ರ ಜನಗಣತಿಯಲ್ಲಿ ಭಾರತಕ್ಕೆ ಚೀಟಿ ಪದ್ಧತಿ ಬಂತು. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಧರ್ಮಕ್ಕೊಂದು ಬಣ್ಣ. ಮೊದಲು ಬಣ್ಣ, ಆಮೇಲೆ ಗಂಡು-ಹೆಣ್ಣು, ಆಮೇಲೆ ವಯಸ್ಸು... ಹೀಗೆ ಗುಡ್ಡೆ ಒಡೆಯುತ್ತಾ ಹೋದರೆ ಕೊನೆಗೆ ಉಳಿದ ಗುಡ್ಡೆಯೇ ಉತ್ತರ. ಅಮೆರಿಕದಲ್ಲಿ ಹರ್ಮನ್ ಹೊಲೆರಿತ್ 1890ರಲ್ಲೇ ಇದನ್ನು ತೂತಿನ ಕಾರ್ಡು, ವಿದ್ಯುತ್ ಯಂತ್ರದಿಂದ ಮಾಡಿಸಿದ್ದ.

ನನಗೆ ಇದರಲ್ಲಿ ಹೆಚ್ಚು ಆಸಕ್ತಿ ಹುಟ್ಟಿಸಿದ್ದು 1961. ಯಾವ ಊರನ್ನು ಪಟ್ಟಣ ಅನ್ನಬೇಕು ಅನ್ನೋದಕ್ಕೆ ಆ ವರ್ಷ ಇಡೀ ದೇಶಕ್ಕೆ ಒಂದೇ ಅಳತೆ ಬಂತು. ಪುರಸಭೆ, ನಗರಸಭೆ ಇದ್ದರೆ ಪ್ರಶ್ನೆಯೇ ಇಲ್ಲ. ಇಲ್ಲದಿದ್ದರೆ ಮೂರು ಷರತ್ತು: ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ. 75 ಬೇಸಾಯ ಬಿಟ್ಟು ಬೇರೆ ಕೆಲಸದವರು. ಚದರ ಮೈಲಿಗೆ 1,000 ಜನ (ಈಗ ಚದರ ಕಿಲೋಮೀಟರಿಗೆ 400). ಒಂದರಲ್ಲಿ ಫೇಲಾದರೂ ಹಳ್ಳಿಯೇ.

ಇಲ್ಲೇ ಇರೋದು ಮಜಾ. 6,000 ಜನರ ಊರಿಗೆ 12 ಚದರ ಕಿಲೋಮೀಟರ್ ಜಾಗ ಇದ್ದರೆ ಸಾಂದ್ರತೆ 500, ಪಾಸು. ಅಷ್ಟೇ ಜನರ ಊರಿನ ಗಡಿಯೊಳಗೆ ಗುಡ್ಡ, ಕಾಡು ಸೇರಿ 20 ಆದರೆ 300, ಫೇಲು! ಸಂಡೂರಿನಂಥ ಗುಡ್ಡದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು, ಎರಡನೇ ಷರತ್ತಿನಲ್ಲಿ ಹೆಂಗಸರೇ ಇಲ್ಲ. ಗಂಡಸರು ಫ್ಯಾಕ್ಟರಿಗೆ, ಹೆಂಗಸರು ಹೊಲಕ್ಕೆ ಹೋಗುವ ಊರಿದ್ದರೆ ಆ ಹೊಲದ ದುಡಿಮೆ ಈ ಲೆಕ್ಕಕ್ಕೆ ಬರೋದೇ ಇಲ್ಲ. ಪಕ್ಕದ ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿ 1971ರಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕೊನೆಗೆ ಕಾರ್ಖಾನೆ ಎದ್ದಿದ್ದು 1990ರ ದಶಕದಲ್ಲಿ, ಜಿಂದಾಲರಿಂದ. ಇಂಥ ಕಡೆ ಯಾರ ದುಡಿಮೆ ಎಣಿಸುತ್ತೀರಿ ಅನ್ನೋದು ದೊಡ್ಡ ಪ್ರಶ್ನೆ.

ಮೂರೂ ಪಾಸಾದರೂ ಸಿಗೋದು 'ಜನಗಣತಿ ಪಟ್ಟಣ' ಅನ್ನೋ ಹೆಸರಷ್ಟೇ. ಆಡಳಿತ ಗ್ರಾಮ ಪಂಚಾಯ್ತಿಯದೇ. ಚರಂಡಿ, ನೀರು, ಕಸ ಪಟ್ಟಣದಷ್ಟು, ಕಚೇರಿ ಹಳ್ಳಿಯದು. ಪುರಸಭೆ ಬರಬೇಕಾದರೆ ರಾಜ್ಯ ಸರ್ಕಾರ ಬೇರೆ ಆದೇಶ ಹೊರಡಿಸಬೇಕು. ಕುರೆಕುಪ್ಪಕ್ಕೆ ಈಗ ಪುರಸಭೆ ಇದೆ, ಹಾಗಾಗಿ ಈ ಮೂರು ಷರತ್ತಿನ ಹಂಗಿಲ್ಲ.

2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಯಿತು. ಸೂತ್ರ ಸರಿಯಾಗಿದ್ದರೆ ಸಾಲದು ಸ್ವಾಮಿ, ಷರತ್ತು ಬರೆದವರು ಯಾರನ್ನು ಬಿಟ್ಟಿದ್ದಾರೆ ಅಂತಲೂ ನೋಡಬೇಕು.