ಉಳ್ಳಾರ್ತಿ ಯುರೇನಿಯಂ ಸಂವರ್ಧನಾ ಘಟಕ

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಕೈಗೊಂಡಿರುವ ಯೋಜನೆ. ಇದಕ್ಕೆ ಸುಮಾರು 1,810 ಎಕರೆ ಮಂಜೂರಾಗಿದೆ. ಸುತ್ತಲ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಹಾಗೂ ಇಸ್ರೊಗೂ ಜಾಗ ದೊರೆತಿದ್ದು, ಇಡೀ ಪ್ರದೇಶಕ್ಕೆ ವಿಜ್ಞಾನ ನಗರಿ ಎಂಬ ಹೆಸರು ಬಂದಿದೆ.

ನಿಸರ್ಗದ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235ರ ಪಾಲು ಶೇ 0.7 ಮಾತ್ರ. ಭಾರಜಲ ಬಳಸುವ ಕೈಗಾದ ರಿಯಾಕ್ಟರುಗಳು ಅಷ್ಟರಿಂದಲೇ ನಡೆಯುತ್ತವೆ. ತಾರಾಪುರದ ಮೊದಲ ಎರಡು ಘಟಕ ಹಾಗೂ ಕೂಡಂಕುಳಂನಲ್ಲಿ ಬಳಸುವುದು ಸಾಮಾನ್ಯ ನೀರು. ಅಲ್ಲಿ ಆ ಪಾಲನ್ನು ಶೇ 2ರಿಂದ 5ರ ಆಸುಪಾಸಿಗೆ ಏರಿಸಲೇಬೇಕು. ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಅತಿವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ಗಳ ಸಾಲಿನಲ್ಲಿ ಮತ್ತೆ ಮತ್ತೆ ಹಾಯಿಸಿ ಹಗುರವಾದ ಅಂಶವನ್ನು ಬೇರ್ಪಡಿಸುವುದೇ ಸಂವರ್ಧನೆ. ಮೈಸೂರು ಬಳಿಯ ರತ್ನಹಳ್ಳಿಯಲ್ಲಿ ಇಂಥ ಸ್ಥಾವರ ಮೊದಲೇ ಇದೆ. ಉಳ್ಳಾರ್ತಿಯದು ಕೈಗಾರಿಕಾ ಪ್ರಮಾಣದ ಯೋಜನೆ.

ಇದರ ಅಗತ್ಯವನ್ನು ತಾರಾಪುರ ಕಲಿಸಿತು. 1974ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ಇಂಧನ ಪೂರೈಕೆಯಿಂದ ಹಿಂದೆ ಸರಿಯಿತು. ಆಮೇಲೆ ಫ್ರಾನ್ಸ್, ಚೀನಾ, ರಷ್ಯಾಗಳ ಬಾಗಿಲು ತಟ್ಟಬೇಕಾಯಿತು. ರಿಯಾಕ್ಟರ್ ತಯಾರಿಕೆಯಲ್ಲಿ ಮಾತ್ರ ದೇಶ ಇಂಧನ ಸಂವರ್ಧನೆಗಿಂತ ಬಹಳ ಮುಂದೆ ಸಾಗಿದೆ. 2017ರ ಮೇನಲ್ಲಿ ಕೇಂದ್ರ ಸಂಪುಟ 700 ಮೆಗಾವಾಟ್‌ನ 10 ಸ್ವದೇಶಿ ಭಾರಜಲ ರಿಯಾಕ್ಟರುಗಳಿಗೆ ಒಟ್ಟಿಗೇ ಒಪ್ಪಿಗೆ ಕೊಟ್ಟಿತು. ಕೈಗಾದ 5 ಮತ್ತು 6ನೇ ಘಟಕಗಳೂ ಅದರಲ್ಲಿವೆ. ದೇಶದ ಕಾರ್ಖಾನೆಗಳಿಗೆ ಸುಮಾರು 70,000 ಕೋಟಿ ರೂಪಾಯಿಯ ಕೆಲಸ ಸಿಗುವುದೆಂಬ ಅಂದಾಜು ಆ ತೀರ್ಮಾನದ ಹಿಂದಿತ್ತು. ಒಂದೊಂದೇ ಘಟಕಕ್ಕೆ ಬೇಡಿಕೆ ಬಂದರೆ ಯಾವ ಕಾರ್ಖಾನೆಯೂ ಭಾರಿ ಯಂತ್ರಗಳ ಮೇಲೆ ಹಣ ಹೂಡಲಾರದು. ಹತ್ತಕ್ಕೆ ಒಮ್ಮೆಲೇ ಒಪ್ಪಿದ್ದರ ಮಹತ್ವ ಇಲ್ಲಿದೆ. ಈ ಮಾದರಿಯ ಮೊದಲ ರಿಯಾಕ್ಟರ್, ಗುಜರಾತಿನ ಕಾಕ್ರಾಪಾರದ 3ನೇ ಘಟಕ, 2021ರ ಜನವರಿಯಲ್ಲಿ ವಿದ್ಯುತ್ ಜಾಲಕ್ಕೆ ಸೇರಿತು. ಆದರೆ ಕೂಡಂಕುಳಂಗೆ ಇಂಧನ ಇಂದಿಗೂ ರಷ್ಯಾದಿಂದಲೇ ಬರುತ್ತದೆ. ರಿಯಾಕ್ಟರ್ ಕಟ್ಟುವುದನ್ನಷ್ಟೇ ಸ್ವಾವಲಂಬನೆ ಎಂದರೆ ಅದು ಅರ್ಧ ಸತ್ಯ.

ಯೋಜನೆಗೆ ಹೋದ ನೆಲ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆ ಮೀಸಲಿದ್ದ ಹುಲ್ಲುಗಾವಲು. ಕಂದಾಯ ಕಡತಗಳಲ್ಲಿ ಅದು ಸರ್ಕಾರಿ ಜಮೀನು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳಿಗೂ ಕಂಬಳಿ ನೇಕಾರರಿಗೂ ಬದುಕಿನ ಆಧಾರ. ಜಮೀನು ಮಂಜೂರಾದ ಬಳಿಕ ಗ್ರಾಮಸ್ಥರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಬೇಲಿಯಿಂದಾಚೆ ಉಳಿದ ಕುರಿಗಾಹಿಗಳಿಗೆ ಮೇವಿನ ಬದಲಿ ನೆಲ ಒದಗಿಸುವುದು ಈ ಯೋಜನೆಯ ಖರ್ಚಿನಲ್ಲಿಯೇ ಸೇರಬೇಕಾದ ಬಾಬ್ತು.