ಎರಡು ಲೆಕ್ಕದ ಪುಸ್ತಕ

ಮನೆಯಲ್ಲಿ ಕೈ ಬಿಗಿಯಾದಾಗ ನಾವು ಹೆಂಗಸರು ಮೊದಲು ಏನನ್ನು ಬಿಡುತ್ತೇವೆ? ನಮ್ಮದೇ ಸೀರೆಯನ್ನು, ನಮ್ಮದೇ ಔಷಧಿಯನ್ನು. ಮಕ್ಕಳ ಹಾಲನ್ನಂತೂ ಅಲ್ಲ. ಊರಿನ ಕೈ ಬಿಗಿಯಾದಾಗ ಏನನ್ನು ಬಿಡುತ್ತಾರೆ ಎಂಬುದನ್ನು ಕಂಡದ್ದು ನಾನು ಪುರಸಭೆಯ ಸದಸ್ಯೆಯಾದ ಮೇಲೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಪುರಸಭೆಗಳಲ್ಲಿ ಮೂರರಲ್ಲಿ ಒಂದು ಸ್ಥಾನವನ್ನಾದರೂ ಮಹಿಳೆಯರಿಗೆ ಮೀಸಲಿಟ್ಟಿತು. ಆ ಬಾಗಿಲಿನಿಂದ ಒಳಗೆ ಹೋದವಳು ನಾನು. ಕುರ್ಚಿ ಸಿಕ್ಕಿದೆ, ಬೊಕ್ಕಸ ಸಿಕ್ಕಿಲ್ಲ ಎಂಬುದು ಮೊದಲ ಬಜೆಟ್ ಸಭೆಯಲ್ಲೇ ತಿಳಿಯಿತು. ಹಿಂದೆ ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗಳು ಆಕ್ಟ್ರಾಯ್ ಸುಂಕ ವಸೂಲು ಮಾಡುತ್ತಿದ್ದವು. ಅದು ದಿನದಿನವೂ ಕೈಗೆ ಬರುವ ಹಣ. 1979ರಲ್ಲಿ ಕರ್ನಾಟಕದಲ್ಲಿ ಆ ಸುಂಕ ರದ್ದಾಯಿತು. ಲಾರಿಯವರಿಗೂ ವ್ಯಾಪಾರಿಗಳಿಗೂ ಅನುಕೂಲವೇ ಆಯಿತು. ಸಣ್ಣ ಊರುಗಳು ಮಾತ್ರ ಸರ್ಕಾರದ ಅನುದಾನದ ದಾರಿ ಕಾಯುವಂತಾಯಿತು. ಮನೆ ಕಂದಾಯ ಏರಿಸಬಹುದಿತ್ತು. ಓಟು ಕೇಳಿ ಬಂದವರಿಗೆ ಆ ಧೈರ್ಯ ಸುಲಭವಾಗಿ ಬರುವುದಿಲ್ಲ.

ಹಾಗಾದರೆ ಕತ್ತರಿ ಯಾವುದಕ್ಕೆ? 1964ರ ಪುರಸಭೆಗಳ ಕಾಯ್ದೆಯಲ್ಲಿ ಎರಡು ಪಟ್ಟಿಗಳಿವೆ. ಬೀದಿ ದೀಪ, ಚರಂಡಿ, ನೀರು, ಸಾರ್ವಜನಿಕ ಶೌಚಾಲಯ ಮಾಡಲೇಬೇಕಾದವು. ಉದ್ಯಾನ, ವಾಚನಾಲಯ ಮನಸ್ಸಿದ್ದರೆ ಮಾಡಬಹುದಾದವು. ಮೊದಲು ಈ ಎರಡನೆಯ ಪಟ್ಟಿ ಸೊರಗಿತು. ಮಕ್ಕಳ ಉದ್ಯಾನದ ಮಾಲಿಯ ಕೆಲಸ ಹೋಯಿತು. ಅದೂ ಸಾಲದೆ ಮೊದಲನೆಯ ಪಟ್ಟಿಗೂ ಕೈ ಹಾಕಿದರು. ದೀಪ ಹಾಕಬೇಕು ಎನ್ನುವ ಕಾಯ್ದೆ ಎಷ್ಟು ದೀಪ ಎಂದು ಹೇಳುವುದಿಲ್ಲವಲ್ಲ!

ಬೀದಿ ನಲ್ಲಿಗೆ ದಿನ ಬಿಟ್ಟು ದಿನ ನೀರು ಬಿಟ್ಟರೆ ಪಂಪಿನ ಕರೆಂಟು ಖರ್ಚು ಉಳಿಯುತ್ತದೆ ಎಂದು ಹಿರಿಯ ಸದಸ್ಯರೊಬ್ಬರು ಸೂಚಿಸಿದರು. ನಾನು ಎದ್ದು ನಿಂತು, "ಸ್ವಾಮಿ, ಖರ್ಚು ಉಳಿಯುವುದಿಲ್ಲ. ನಿಮ್ಮ ಲೆಕ್ಕದ ಪುಸ್ತಕದಿಂದ ನಮ್ಮ ಸೊಂಟಕ್ಕೆ ಬರುತ್ತದೆ, ಅಷ್ಟೆ" ಎಂದೆ. ಸಭೆ ನಕ್ಕಿತು, ಆದರೆ ನಲ್ಲಿ ಉಳಿಯಿತು. ಅದರ ಬದಲಿಗೆ ಕಂಬ ಬಿಟ್ಟು ಕಂಬದ ದೀಪ ಆರಿಸುವುದಕ್ಕೆ ಎಲ್ಲರೊಡನೆ ನಾನೂ ಕೈಯೆತ್ತಿದೆ. ಗೆದ್ದೆನೆಂದೇ ತಿಳಿದು ಮನೆಗೆ ಬಂದೆ.

ಎರಡು ತಿಂಗಳಾಗಿರಬಹುದು, ನಮ್ಮ ಬೀದಿಯ ಹುಡುಗಿಯೊಬ್ಬಳು ಸಂಜೆಯ ಟೈಪಿಂಗ್ ತರಗತಿ ಬಿಟ್ಟಳು. ಯಾಕೆಂದು ಕೇಳಿದರೆ ಅವಳ ತಾಯಿ, "ಆ ಕತ್ತಲಲ್ಲಿ ಹೇಗೆ ಕಳಿಸಲಿ ಅಕ್ಕಾ?" ಎಂದಳು. ನನಗೆ ಮಾತು ಹೊರಡಲಿಲ್ಲ. ಅವಳ ಕತ್ತಲಿಗೆ ಎತ್ತಿದ ಕೈಗಳಲ್ಲಿ ನನ್ನದೂ ಒಂದಾಗಿತ್ತು.

ಪುರಸಭೆಯ ಪುಸ್ತಕದಲ್ಲಿ ಅದು ಉಳಿತಾಯವೆಂದೇ ದಾಖಲಾಗಿದೆ. ಆ ಹುಡುಗಿ ಕಲಿಯದೆ ಹೋದ ವಿದ್ಯೆಯನ್ನು ಬರೆದಿಡುವ ಇನ್ನೊಂದು ಪುಸ್ತಕ ಯಾವ ಕಚೇರಿಯಲ್ಲೂ ಇಲ್ಲ. ಹಣವಿಲ್ಲದ ಊರು ಏನನ್ನಾದರೂ ಬಿಡಲೇಬೇಕು, ಒಪ್ಪುತ್ತೇನೆ. ಆದರೆ ಬಿಟ್ಟದ್ದರ ಭಾರ ಯಾರ ತಲೆಗೆ ಎಂದು ಮೊದಲು ಕೇಳಿಕೊಳ್ಳಬೇಕಿತ್ತು. ನಾನು ನೀರಿಗೆ ಕೇಳಿದೆ, ದೀಪಕ್ಕೆ ಕೇಳಲಿಲ್ಲ.

ಮರುವರ್ಷ ಕಂದಾಯ ಏರಿಸುವ ಸೂಚನೆಗೆ ಕೈಯೆತ್ತಿದೆ. ಓಟು ಕೊಟ್ಟವರಿಂದಲೇ ಬೈಸಿಕೊಂಡೆ. ದೀಪಗಳು ಮತ್ತೆ ಹತ್ತಿದವು. ಅಷ್ಟು ಹೊತ್ತಿಗೆ ಆ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು.